ಬೆರಳಿನ ಲೆಕ್ಕ

ಮುಂಜಾನೆ ಆರಕ್ಕ, ಪುಣೆದ ದಾಂಡೇಕರ ಪೂಲಿನ ಕಡೆ
ಸಾಲು ಹತ್ತಿರತೈತಿ, ಬಕೀಟು ಹಿಡಕೊಂಡು.
ಕಾಲುವಿ ಮ್ಯಾಲಿಂದ ಥಂಡಿ ಬರತಿರತೈತಿ.
ಯಾರೂ ಮಾತಾಡೂದಿಲ್ಲ. ಎಲ್ಲಾರ ಬಾಯಾಗೂ
ಒಂದೊಂದು ಬೆರಳು.
ತುದಿ ಕರ್ರಗ, ಉಗುರಿನ ಸಂದ್ಯಾಗೂ
ತವಾದ ಮ್ಯಾಲ ಹುರಿದು ಕುಟ್ಟಿದ ತಂಬಾಕು.
ಮಿಸ್ರಿ ಹಚ್ಚಲಿಲ್ಲಂದ್ರ ಹೊಟ್ಟಿ ಸಡ್ಲ ಆಗೂದಿಲ್ಲ ಅಂತಾರ.
ನಾನೂ ಅಂದಾಕೀನ.

ನನ್ನ ವಹಿಯೊಳಗ ಒಂದು ಖಾನೆ ಐತಿ:
ತಂಬಾಕು. ಹೌದು, ಇಲ್ಲ.
ಮೊದಲ ವರ್ಷ ಎಲ್ಲಾ ಬಸುರೇರೂ ಇಲ್ಲ ಅಂದ್ರು.
ಬೀಡಿ ಗಂಡಸರದು, ತಂಬಾಕು ಗಂಡಸರದು.
ಇದು ಹಲ್ಲುಪುಡಿ.
ಆಮ್ಯಾಲ ಕೇಳೂದು ಕಲಿತೆ:
"ದಿನಕ್ಕ ಎಷ್ಟು ಸಲ ಹಚ್ಚತೀ ಯವ್ವಾ?"

ಇಮಲಾಬಾಯಿ ಬೆರಳು ಮಡಿಚಿದಳು.
ಎದ್ದ ಕೂಡಲೇ. ಸಾಲಿನಾಗ.
ಸೈಟಿನಾಗ ಬುಟ್ಟಿ ಇಳಿಸಿದಾಗ. ಹಸಿವಾದಾಗ.
ಅತ್ತಿ ಬೈದಾಗ.
ಒಂದು ಕೈ ಮುಗೀತು. ಇನ್ನೊಂದು ಹೊಟ್ಟಿ ಮ್ಯಾಲಿತ್ತು,
ಅದನ್ನ ತಗೀಲಿಲ್ಲ.

ಐದು ತಿಂಗಳು. ಎರಡನೇದು.
ಮೊದಲನೇದನ್ನ ನಾನೇ ತೂಗಿದ್ದೆ,
ಜೋಳಿಗಿ ತಕ್ಕಡಿಯೊಳಗ: ಒಂದು ಕಿಲೋ ಎಂಟುನೂರು.
"ಬೆಲ್ಲದ ಪೆಂಟಿಯಷ್ಟು" ಅಂತ ನಕ್ಕಿದ್ದಳು.
ಹದಿನೇಳು ದಿನ ಇತ್ತು.

ಟ್ರೇನಿಂಗಿನಾಗ ಡಾಕ್ಟರ್ ಬಾಯಿ ಮರಾಠಿಯೊಳಗ ಹೇಳಿದ್ದೆಲ್ಲಾ
ನನಗ ಬಾಯಿಪಾಠ: ರಕ್ತ, ನಾಳ, ಉಸಿರು.
ಹೇಳಬೇಕು. ಹೇಳಿದರ
ಆ ಕೂಸನ್ನ ತಿರುಗಿ ಆಕಿ ಕೈಯಾಗ ಇಟ್ಟಂಗ,
ನೀನೇ ಅಂದಂಗ.
ವಹಿ ಮುಚ್ಚಿದೆ.
ಚೀಲದಾಗಿಂದ ನನ್ನ ಹಳೇ ಡಬ್ಬಿ ತಗದೆ,
ಮುಚ್ಚಳದ ಬಣ್ಣ ಹೋಗಿತ್ತು. ಒಳಗ
ಹುರಿದ ಅಜವಾನ, ನಾಕು ಲವಂಗ.
ಮೂಸಿ ನೋಡಿದಳು. "ಮೊದಲ ಇದರಾಗ ಏನಿತ್ತು?"
"ಅದೇ."
"ನೀನೂ?"
"ಹದಿಮೂರು ವರ್ಷ. ಹಲ್ಲು ನೋಯ್ತೈತಿ ಅಂತ ಅತ್ತಿದ್ದಕ್ಕ
ನಮ್ಮವ್ವ ತನ್ನ ಬೆರಳಿಲೇ ಹಚ್ಚಿ ಕಲಿಸಿದಳು."
ಆಗ ಮೊದಲ ಸಲ ಆಕಿ ನನ್ನ ಹಲ್ಲು ನೋಡಿದಳು.

ಮೂರನೇ ದಿನ ತಲಿ ಸಿಡೀತೈತಿ ಅಂತ ಚೀರಿದಳು.
"ಹಚ್ಚಿಕೋ, ಸಾಕು" ಅಂದ ಗಂಡ ಥಾವರ್ಯಾ.
ಅವನ ಕೆಳತುಟಿ ಉಬ್ಬಿತ್ತು, ಮಾತು ಒದ್ದಿ.
ಒಂಬತ್ತನೇ ದಿನ ತಾನೇ ಬಂದು ಬೆರಳು ಮುಂದ ಮಾಡಿದಳು,
ಸಾಲಿ ಹುಡುಗಿ ಮಾಸ್ತರಗ ತೋರಿಸಿದಂಗ.
"ಬಾಜೂ ಮನ್ಯಾಗ ಹುರದ್ರು ಅಕ್ಕಾ. ವಾಸನಿ ಬಂತು."

ಏನನ್ನಲಿ?
ಮಧ್ಯಾಹ್ನ ಯಾರರ ತವಾ ಇಟ್ಟರ
ಓಣಿ ಎಲ್ಲಾ ಕೆಮ್ಮತೈತಿ,
ಬಿಟ್ಟು ಏಳು ವರ್ಷಾದ ನನ್ನ ಬಾಯಾಗ
ನೀರು ಬರತೈತಿ.

ಬಿಟ್ಟಳು, ಬಿದ್ದಳು, ಮತ್ತ ಬಿಟ್ಟಳು,
ಇದಕ್ಕ ಖಾನೆ ಇಲ್ಲ.
ಹೌದಕ್ಕೂ ಇಲ್ಲಕ್ಕೂ ನಡುವ ಪೆನ್ಸಿಲ್ಲಿಲೆ
ಒಂದು ಚುಕ್ಕಿ ಇಟ್ಟೆ. ವಾರಕ್ಕ ಇನ್ನೊಂದು.
"ಏನಿದು, ರಂಗೋಲಿ ಹಾಕಾಕತ್ತೀಯೇನು?"
ಅಂದಳು ಸೂಪರವೈಜರ್.
ಹೌದು ಅನ್ನಬೇಕಿತ್ತು.

ಎಂಟರಾಗ ತಾಂಡಾಕ್ಕ ಹೊಂಟಳು, ಹಡೀಲಿಕ್ಕೆ.
ಸ್ವಾರಗೇಟಿನಾಗ ಬಸ್ಸಿನ ಕಿಟಕಿಯೊಳಗಿಂದ
ಡಬ್ಬಿ ಅಲ್ಲಾಡಿಸಿ ತೋರಿಸಿದಳು.
ಒಳಗಿದ್ದದ್ದು ಕಾಳೋ, ಪುಡಿಯೋ,
ಹಾರ್ನಿನಾಗ ಸಪ್ಪಳ ಕೇಳಲಿಲ್ಲ.

ದೀಡ ತಿಂಗಳಿಗೆ ಫೋನು.
"ಹೆಣ್ಣು."
"ತೂಕ?"
"ಇಲ್ಲಿ ತಕ್ಕಡಿ ಕೆಟ್ಟೈತಿ ಅಕ್ಕಾ."
ಗಾಳಿ. ಎಲ್ಲೋ ಒಂದು ಕೋಳಿ.
ಆಮ್ಯಾಲ, ದೃಷ್ಟಿ ಆದೀತು ಅನ್ನೂವಂಗ ದನಿ ಸಣ್ಣ ಮಾಡಿ,
"ಎತ್ತಿಕೊಂಡರ ಕೈ ಸೋಲತಾವ."

ತೂಕದ ಖಾನೆಯೊಳಗ ಅಂಕಿ ಅಷ್ಟೇ ಬರೀಬೇಕು.
ಪೆನ್ಸಿಲ್ ಹಿಡಕೊಂಡು ಕುಂತೇನಿ.